ಲಾಭ ಏರಿದ ತಿಂಗಳಲ್ಲೇ ಕೆಲಸ ಹೋಗುವುದು ಹೇಗೆ? ಕಲಬುರಗಿಯ ಮನೆಗಳು ತಿಳಿಯಬೇಕಾದ ಐಟಿ ಲೆಕ್ಕ

2025ರ ಜುಲೈ 10ರಂದು ಐಟಿ ಸೇವಾ ಕಂಪನಿ ಟಿಸಿಎಸ್ ತನ್ನ ಮೂರು ತಿಂಗಳ ಲೆಕ್ಕ ಪ್ರಕಟಿಸಿತು. ನಿವ್ವಳ ಲಾಭ 12,760 ಕೋಟಿ ರೂಪಾಯಿ, ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಶೇ 6ರಷ್ಟು ಹೆಚ್ಚು. ಹದಿನೇಳು ದಿನ ಕಳೆಯಿತು. ಜುಲೈ 27ರಂದು ಅದೇ ಕಂಪನಿ ತನ್ನ ನೌಕರರಲ್ಲಿ ಶೇ 2ರಷ್ಟು ಮಂದಿಯನ್ನು, ಅಂದರೆ ಸುಮಾರು 12,261 ಜನರನ್ನು, ಆ ಹಣಕಾಸು ವರ್ಷದೊಳಗೆ ಕೈಬಿಡುವುದಾಗಿ ಹೇಳಿತು.

ಎರಡೂ ಸುದ್ದಿ ಓದಿದ ಕಲಬುರಗಿ, ಬೀದರ್, ಯಾದಗಿರಿಯ ಅಪ್ಪ-ಅಮ್ಮಂದಿರಿಗೆ ತಲೆಬುಡ ತಿಳಿಯದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಈ ಭಾಗದಲ್ಲಿ ಕೆಲಸ ಹೋಗುವುದು ಎಂದರೆ ಕಲಬುರಗಿಯ ಎಂ.ಎಸ್.ಕೆ. ಮಿಲ್ ನೆನಪಾಗುತ್ತದೆ, ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ನೆನಪಾಗುತ್ತದೆ. ನಷ್ಟವಾಯಿತು, ಬಾಗಿಲು ಹಾಕಿದರು, ಮಂದಿ ಮನೆಗೆ ಬಂದರು. ಕಂಪನಿ ಲಾಭದಲ್ಲಿದೆ, ಬಾಗಿಲೂ ತೆರೆದಿದೆ, ಆದರೂ ಮಗನ ಕೆಲಸ ಹೋಗಿದೆ ಎಂದರೆ ‘ಇವನೇ ಏನೋ ತಪ್ಪು ಮಾಡಿರಬೇಕು’ ಎಂಬ ಅನುಮಾನ ಮನೆಯೊಳಗೆ ಹುಟ್ಟುತ್ತದೆ. ಬಹಳಷ್ಟು ಸಲ ಆ ಅನುಮಾನ ಅನ್ಯಾಯದ್ದು. ಏಕೆ ಅನ್ಯಾಯದ್ದು ಎಂದು ತಿಳಿಯಬೇಕಾದರೆ ಈ ಕಂಪನಿಗಳು ಏನು ಮಾರುತ್ತವೆ, ಯಾರಿಗೆ ಮಾರುತ್ತವೆ, ಲೆಕ್ಕ ಹೇಗೆ ಬರೆಯುತ್ತವೆ ಎಂಬುದನ್ನು ನೋಡಬೇಕು.

ಊರಿನ ‘ಕನ್ಸಲ್ಟೆನ್ಸಿ’ ಬೇರೆ, ಈ ಕನ್ಸಲ್ಟಿಂಗ್ ಬೇರೆ

ಮೊದಲು ಹೆಸರಿನ ಗೊಂದಲ. ನಮ್ಮ ಕಡೆ ಕನ್ಸಲ್ಟೆನ್ಸಿ ಎಂದರೆ ಕೆಲಸ ಕೊಡಿಸುವ ಏಜೆಂಟರ ಕಚೇರಿ. ಮಾತುಕತೆಯಲ್ಲಿ ‘ಕನ್ಸಲ್ಟೆನ್ಸಿ ಕಡೆಯಿಂದ ಹೋದ’ ಎಂದರೆ ಮಧ್ಯವರ್ತಿಯ ಮೂಲಕ ಹೋದ ಎಂದೇ ಅರ್ಥ. ಇವರಲ್ಲಿ ಪ್ರಾಮಾಣಿಕರು ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ, ನೇಮಕ ಮಾಡಿಕೊಳ್ಳುವ ಕಂಪನಿಯಿಂದ ಪಡೆಯುತ್ತಾರೆ. ಲಕ್ಷ, ಎರಡು ಲಕ್ಷ ಕೊಟ್ಟರೆ ‘ಬ್ಯಾಕ್‌ಡೋರ್’ನಲ್ಲಿ ಸೇರಿಸುತ್ತೇವೆ, ಎರಡು ವರ್ಷದ ಅನುಭವದ ಪತ್ರವನ್ನೂ ಮಾಡಿಕೊಡುತ್ತೇವೆ ಎನ್ನುವವರದ್ದು ಮೋಸ. ಸೇರಿದ ಮೇಲೆ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಭವಿಷ್ಯನಿಧಿ ಖಾತೆಯ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಸಂಖ್ಯೆ) ತೆರೆದರೆ ಯಾವ ಕಂಪನಿಯಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಕೆಲಸ ಮಾಡಿದ್ದೀರಿ ಎಂಬುದು ಅಲ್ಲೇ ಇರುತ್ತದೆ. ಸುಳ್ಳು ಪತ್ರ ಅಲ್ಲಿ ಸಿಕ್ಕಿಬೀಳುತ್ತದೆ. ಹಣದ ಜತೆ ಹೆಸರೂ ಹೋಗುತ್ತದೆ.

ಎರಡನೆಯದು ‘ಪೇರೋಲ್’ ಕಂಪನಿ. ಕೂರುವುದು ದೊಡ್ಡ ಕಂಪನಿಯ ಕಚೇರಿಯಲ್ಲಿ, ಸಂಬಳ ಹಾಕುವುದು ಇನ್ನೊಬ್ಬರು. ಗುತ್ತಿಗೆ ಮುಗಿದ ದಿನ ಕೆಲಸವೂ ಮುಗಿಯಿತು.

ಮೂರನೆಯದು ಈ ಲೇಖನದ ವಿಷಯ. ಅಮೆರಿಕ ಅಥವಾ ಯುರೋಪಿನ ಬ್ಯಾಂಕು, ವಿಮಾ ಕಂಪನಿ, ಅಂಗಡಿ ಜಾಲಗಳ ಸಾಫ್ಟ್‌ವೇರ್ ಕಟ್ಟಿಕೊಡುವ, ನೋಡಿಕೊಳ್ಳುವ, ದುರಸ್ತಿ ಮಾಡುವ ಸೇವಾ ಕಂಪನಿಗಳು: ಟಿಸಿಎಸ್, ಇನ್ಫೋಸಿಸ್, ವಿಪ್ರೊ, ಎಚ್‌ಸಿಎಲ್‌ಟೆಕ್, ಕಾಗ್ನಿಜೆಂಟ್, ಆಕ್ಸೆಂಚರ್, ಕ್ಯಾಪ್‌ಜೆಮಿನೈ. ಕಲಬುರಗಿಯ ಪಿಡಿಎ ಕಾಲೇಜಿನಿಂದ ಹಿಡಿದು ಬೀದರ್, ಭಾಲ್ಕಿಯ ಕಾಲೇಜುಗಳವರೆಗೆ ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರಲ್ಲಿ ಬಹಳ ಮಂದಿಗೆ ಮೊದಲ ಆಫರ್ ಲೆಟರ್ ಬರುವುದು ಇಂಥ ಕಂಪನಿಗಳಿಂದಲೇ.

ಮಾರುವುದು ಗಂಟೆಯನ್ನು

ಈ ಕಂಪನಿಗಳ ಅಂಗಡಿಯಲ್ಲಿರುವ ಮುಖ್ಯ ಸರಕು ಎಂಜಿನಿಯರನ ಸಮಯ. ಒಂದು ಅಂದಾಜಿನ ಲೆಕ್ಕ ಹಾಕೋಣ. ಕ್ಲೈಂಟ್, ಅಂದರೆ ಕೆಲಸ ಕೊಡುವ ವಿದೇಶಿ ಗಿರಾಕಿ, ಒಬ್ಬ ಎಂಜಿನಿಯರನ ಒಂದು ಗಂಟೆಗೆ 25 ಡಾಲರ್ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆ, ತಿಂಗಳಿಗೆ 20 ದಿನ. ಒಟ್ಟು 4,000 ಡಾಲರ್, ಹತ್ತಿರ ಹತ್ತಿರ ಮೂರೂವರೆ ಲಕ್ಷ ರೂಪಾಯಿ. ಆ ಕುರ್ಚಿಯಲ್ಲಿ ಕೂತ ಹೊಸಬನ ಕೈಗೆ ಬರುವುದು ತಿಂಗಳಿಗೆ 25 ಸಾವಿರದ ಆಸುಪಾಸು.

ನಡುವಿನ ಹಣವೆಲ್ಲ ಲಾಭವಲ್ಲ. ಕಚೇರಿ ಬಾಡಿಗೆ, ತರಬೇತಿ, ಮೇಲಿನ ಮ್ಯಾನೇಜರುಗಳು, ವಿದೇಶದಲ್ಲಿ ಗುತ್ತಿಗೆ ಹಿಡಿಯುವ ಮಾರಾಟ ತಂಡ, ಕೆಲಸವಿಲ್ಲದೆ ಕೂತವರ ಸಂಬಳ ಎಲ್ಲವೂ ಅದರಿಂದಲೇ ಹೋಗಬೇಕು. ಎಲ್ಲ ಕಳೆದು ಟಿಸಿಎಸ್, ಇನ್ಫೋಸಿಸ್‌ಗಳಂಥ ಕಂಪನಿಗಳಿಗೆ ನೂರಕ್ಕೆ 20ರಿಂದ 25 ರೂಪಾಯಿ ಕಾರ್ಯಾಚರಣೆಯ ಲಾಭವಾಗಿ ಉಳಿಯುತ್ತದೆ. ಷೇರುದಾರರು ಕಣ್ಣಿಟ್ಟಿರುವುದು ಈ ಅಂಕಿಯ ಮೇಲೆ. ಗಿರಾಕಿ ಕಡಿಮೆಯಾದರೂ ಈ ಅಂಕಿ ಇಳಿಯಬಾರದು ಎಂದು ಆಡಳಿತ ನಿರ್ಧರಿಸಿದರೆ ಬೇರೆಲ್ಲಾದರೂ ಖರ್ಚು ಇಳಿಸಲೇಬೇಕು. ಸೇವಾ ಕಂಪನಿಯ ಅತಿ ದೊಡ್ಡ ಖರ್ಚು ಸಂಬಳ.

ಯಾದಗಿರಿಯ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಮೇಸ್ತ್ರಿ ಆಳುಗಳನ್ನು ಒದಗಿಸುತ್ತಾನೆ, ಮಾಲೀಕ ಆಳಿನ ಲೆಕ್ಕದಲ್ಲಿ ಹಣ ಕೊಡುತ್ತಾನೆ, ಸೈಟ್ ನಿಂತರೆ ಕೂಲಿಯೂ ನಿಲ್ಲುತ್ತದೆ. ಐಟಿಯಲ್ಲಿ ಸೈಟ್ ನಿಂತ ಮಾರನೆಯ ದಿನವೇ ಸಂಬಳ ನಿಲ್ಲುವುದಿಲ್ಲ, ಭವಿಷ್ಯನಿಧಿ, ವಿಮೆ, ರಜೆಗಳಿವೆ. ಆ ವ್ಯತ್ಯಾಸ ದೊಡ್ಡದು. ಆದರೆ ಸೈಟ್ ಎಲ್ಲಿ ಎಂದು ಆಳು ಆರಿಸುವುದಿಲ್ಲ ಎಂಬುದು ಎರಡೂ ಕಡೆ ಒಂದೇ.

ಬೆಂಚ್: ಸಂಬಳವಿದೆ, ಕೆಲಸವಿಲ್ಲ

ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗಿನ ಅವಧಿಗೆ ಬೆಂಚ್ ಎನ್ನುತ್ತಾರೆ. ಮೊದಲು ಇದು ಭಯದ ಮಾತಾಗಿರಲಿಲ್ಲ. ನಾಳೆ ದೊಡ್ಡ ಗುತ್ತಿಗೆ ಬಂದರೆ ಜನ ಬೇಕು ಎಂದು ಕಂಪನಿಗಳೇ ಒಂದಷ್ಟು ಮಂದಿಯನ್ನು ಕೂರಿಸಿಕೊಂಡಿರುತ್ತಿದ್ದವು. ಈಗ ಗಾಳಿ ತಿರುಗಿದೆ. 2025ರ ಜೂನ್‌ನಲ್ಲಿ ಟಿಸಿಎಸ್ ತಂದ ನಿಯಮದ ಪ್ರಕಾರ ಪ್ರತಿ ನೌಕರ ವರ್ಷಕ್ಕೆ ಕನಿಷ್ಠ 225 ದಿನ ಬಿಲ್ ಆಗಬೇಕು, ಅಂದರೆ ಕ್ಲೈಂಟ್ ಹಣ ಕೊಡುವ ಕೆಲಸದಲ್ಲಿರಬೇಕು, ಬೆಂಚ್ ಮೇಲೆ 35 ದಿನಕ್ಕಿಂತ ಹೆಚ್ಚು ಇರಬಾರದು.

ಈ ಎರಡು ಅಂಕಿಗಳನ್ನು ಕೂಡಿಸಿ ನೋಡಿ: 260. ವರ್ಷದಲ್ಲಿ ಶನಿವಾರ, ಭಾನುವಾರ ಬಿಟ್ಟರೆ ಉಳಿಯುವ ದಿನಗಳೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ವರ್ಷದ ಯಾವ ದಿನವೂ ಲೆಕ್ಕದ ಹೊರಗಿಲ್ಲ.

ಬೆಂಚ್ ಮೇಲಿರುವವನ ದಿನ ಹೊರಗಿನಿಂದ ನೋಡಿದರೆ ಆರಾಮದ್ದು. ಬೆಳಿಗ್ಗೆ ಕಚೇರಿಗೆ ಹೋಗಿ ಕಾರ್ಡ್ ಒತ್ತಬೇಕು, ಆನ್‌ಲೈನ್ ಕೋರ್ಸ್ ಮಾಡಬೇಕು, ಕಂಪನಿಯೊಳಗಿನ ಖಾಲಿ ಜಾಗಗಳ ಪಟ್ಟಿ ನೋಡಬೇಕು, ಪ್ರಾಜೆಕ್ಟ್ ಹಂಚುವ ತಂಡಕ್ಕೆ ಮೇಲ್ ಬರೆಯಬೇಕು, ತನ್ನದೇ ಕಂಪನಿಯಲ್ಲಿ ಮತ್ತೆ ಮತ್ತೆ ಇಂಟರ್‌ವ್ಯೂ ಕೊಡಬೇಕು. ಜಾವಾದಲ್ಲಿ ಕೋಡ್ ಬರೆಯಲು ಕಲಿತವನಿಗೆ ಟೆಸ್ಟಿಂಗ್ ಕೆಲಸ ಬರುತ್ತದೆ, ಬೆಂಗಳೂರಿನಲ್ಲಿರುವವಳಿಗೆ ಬೇರೆ ರಾಜ್ಯದ ಜಾಗ ಬರುತ್ತದೆ. ಬೇಡವೆಂದರೆ ‘ಪ್ರಾಜೆಕ್ಟ್ ನಿರಾಕರಿಸಿದರು’ ಎಂದು ದಾಖಲಾಗಬಹುದು. ಒಪ್ಪಿಕೊಂಡರೆ ಮುಂದಿನ ಮೂರು ವರ್ಷದ ಅನುಭವ ತನಗೆ ಬೇಡದ ದಾರಿಯಲ್ಲಿ ಕಳೆಯುತ್ತದೆ. ಊರಿಗೆ ಫೋನ್ ಮಾಡಿದಾಗ ‘ಕೆಲಸ ಹೇಗಿದೆ’ ಎಂದು ಕೇಳಿದರೆ ‘ಚೊಲೊ ಅದ’ ಎನ್ನದೆ ಬೇರೆ ಏನು ಹೇಳಲಿ ಎಂದು ಒದ್ದಾಡುವ ಮಕ್ಕಳು ಇವರೇ.

ಪ್ರಾಜೆಕ್ಟ್ ಸಿಕ್ಕ ಮೇಲೆ

ಸಿಕ್ಕ ಕೆಲಸ ಕೂಡ ಕಾಲೇಜಿನಲ್ಲಿ ಕನಸಿದ್ದಲ್ಲ. ಹೊಸದಾಗಿ ಸಾಫ್ಟ್‌ವೇರ್ ಕಟ್ಟುವುದಕ್ಕಿಂತ ಹತ್ತು, ಇಪ್ಪತ್ತು ವರ್ಷ ಹಳೆಯದನ್ನು ಬೀಳದಂತೆ ಹಿಡಿದುಕೊಳ್ಳುವುದೇ ಹೆಚ್ಚು. ಕ್ಲೈಂಟ್ ಕಡೆ ಏನಾದರೂ ನಿಂತರೆ ‘ಟಿಕೆಟ್’ ಬರುತ್ತದೆ, ಇಷ್ಟು ಗಂಟೆಯೊಳಗೆ ಪರಿಹರಿಸಬೇಕೆಂಬ ಕರಾರು ಇರುತ್ತದೆ. ಅಮೆರಿಕದ ಹಗಲು ನಮ್ಮ ರಾತ್ರಿ. ಆದ್ದರಿಂದ ಸಪೋರ್ಟ್ ತಂಡದವರಿಗೆ ಪಾಳಿ, ಉಳಿದವರಿಗೆ ಸಂಜೆಯ ಮೇಲೆ ಕಾಲ್‌ಗಳು. ಟೈಮ್‌ಶೀಟಿನಲ್ಲಿ ಬರೆಯುವುದು ಬಹುಪಾಲು 8 ಗಂಟೆ, ಏಕೆಂದರೆ ಕರಾರಿನಲ್ಲಿ ಅಷ್ಟೇ ಇದೆ. ಉಳಿದ ಗಂಟೆಗಳಿಗೆ ಬಿಲ್ಲೂ ಇಲ್ಲ, ದಾಖಲೆಯೂ ಇಲ್ಲ.

ಕಲಿಯಲು ಸಿಗುವುದೂ ಉಂಟು, ಅದನ್ನು ಮರೆಯಬಾರದು. ಯಾದಗಿರಿಯ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿ ಎರಡು ವರ್ಷದೊಳಗೆ ವಿದೇಶಿ ಬ್ಯಾಂಕಿನ ಅಧಿಕಾರಿಗಳೊಡನೆ ಇಂಗ್ಲಿಷಿನಲ್ಲಿ ಅಳುಕಿಲ್ಲದೆ ಮಾತಾಡುವಂತೆ ಮಾಡುವ ಉದ್ಯಮಗಳು ನಮ್ಮಲ್ಲಿ ಹೆಚ್ಚಿಲ್ಲ. ಜಾತಿ, ಶಿಫಾರಸು ನೋಡದೆ ಸಾವಿರಾರು ಮೊದಲ ತಲೆಮಾರಿನ ಪದವೀಧರರಿಗೆ ಬಾಗಿಲು ತೆರೆದದ್ದೂ ಕ್ಯಾಂಪಸ್ ನೇಮಕಾತಿಯೇ. ಹಾಗಾಗಿಯೇ ಅದು ಕುಗ್ಗಿದಾಗ ಹೊಡೆತ ಬೀಳುವುದು ಅಂಥ ಮನೆಗಳಿಗೇ.

ಸಂಬಳದ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ. ಹೊಸಬರಿಗೆ ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷ ಎಂಬ ಮೊತ್ತ ಸುಮಾರು ಹದಿನೈದು ವರ್ಷಗಳಿಂದ ಅಲ್ಲೇ ನಿಂತಿದೆ. ಅಷ್ಟರಲ್ಲಿ ದೇಶದ ಬೆಲೆಗಳು ಎರಡು ಪಟ್ಟಿಗೂ ಮೀರಿ ಏರಿವೆ. ಕೋವಿಡ್ ಕಾಲದಲ್ಲಿ ಕಲಬುರಗಿ, ಬೀದರ್‌ನ ಮನೆಗಳಿಂದಲೇ ಕೆಲಸ ಮಾಡಿದವರಿಗೆ ಪಿಜಿ ಬಾಡಿಗೆ ಉಳಿದಿತ್ತು. 2023ರ ಅಕ್ಟೋಬರ್‌ನಿಂದ ಟಿಸಿಎಸ್ ವಾರದ ಐದು ದಿನವೂ ಕಚೇರಿಗೆ ಬರಬೇಕು ಎಂದಿತು, ಬೇರೆ ಕಂಪನಿಗಳೂ ಒಂದೊಂದಾಗಿ ಕರೆದುಕೊಂಡವು. ಬೀದರ್‌ನವರು ಹೈದರಾಬಾದಿಗೆ, ಕಲಬುರಗಿ, ಯಾದಗಿರಿಯವರು ರಾತ್ರಿ ರೈಲು ಹಿಡಿದು ಬೆಂಗಳೂರಿಗೆ ಮತ್ತೆ ಹೊರಟರು. ಉಳಿಯುತ್ತಿದ್ದ ಹಣವೂ ಅವರ ಜತೆ ಹೊರಟಿತು.

ಜುಲೈನ ಲೆಕ್ಕಕ್ಕೆ ಮರಳಿ ಬಂದರೆ

ಲಾಭ ಶೇ 6ರಷ್ಟು ಏರಿದ ಆ ಮೂರು ತಿಂಗಳಲ್ಲೇ, ವಿದೇಶಿ ವಿನಿಮಯದ ಏರಿಳಿತ ತೆಗೆದು ನೋಡಿದರೆ, ಟಿಸಿಎಸ್‌ನ ಆದಾಯ ಶೇ 3.1ರಷ್ಟು ಕುಸಿದಿತ್ತು. ಗೊಂದಲದ ಗಂಟು ಇರುವುದು ಇಲ್ಲಿ. ವ್ಯಾಪಾರ ಇಳಿದಿದೆ, ಲಾಭ ಏರಿದೆ. ಹೀಗಿರುವಾಗ ಮುಂದಿನ ತಿಂಗಳುಗಳ ಲಾಭ ಕಾಪಾಡಲು ಸಂಬಳದ ಖರ್ಚಿನ ಮೇಲೆ ಕತ್ತರಿ ಬೀಳುತ್ತದೆ. ಲಾಭದ ಸುದ್ದಿ ಮತ್ತು ಕಡಿತದ ಸುದ್ದಿ ಒಂದಕ್ಕೊಂದು ವಿರುದ್ಧವಲ್ಲ. ಎರಡೂ ಒಂದೇ ತಕ್ಕಡಿಯಿಂದ ಬಂದವು.

ಕತ್ತರಿ ಬಿದ್ದದ್ದು ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರ ಮೇಲೆ. ಸೇವಾ ಕಂಪನಿ ಪಿರಮಿಡ್ಡಿನಂತೆ ಇರುತ್ತದೆ: ಬುಡದಲ್ಲಿ ಕಡಿಮೆ ಸಂಬಳದ ಹೊಸಬರು ಬಹಳ, ಮೇಲೆ ಹೋದಂತೆ ದುಬಾರಿ ಜನ ಕಡಿಮೆ. ಹದಿನಾಲ್ಕು ವರ್ಷದ ಅನುಭವಿಯ ಸಂಬಳ ಹೊಸಬನ ಐದಾರು ಪಟ್ಟು ಇದ್ದರೂ ಕ್ಲೈಂಟ್ ಅವನಿಗೆ ಐದಾರು ಪಟ್ಟು ದರ ಕೊಡುವುದಿಲ್ಲ. ತಂಡಗಳ ನಡುವೆ ಸಮನ್ವಯ ಮಾಡುವ ಅವನ ಕೆಲಸ ಬಿಲ್ಲಿನಲ್ಲಿ ಕಾಣಿಸುವುದೂ ಇಲ್ಲ.

ಕಂಪನಿಯ ವಾದ ಇದು: ಇದು ಕೃತಕ ಬುದ್ಧಿಮತ್ತೆ ಜನರ ಕೆಲಸ ಕಸಿದದ್ದಲ್ಲ, ಈ ಜನರ ಕೌಶಲಕ್ಕೂ ಈಗ ಬರುತ್ತಿರುವ ಕೆಲಸಕ್ಕೂ ಹೊಂದಾಣಿಕೆಯಾಗುತ್ತಿಲ್ಲ. ಮುಖ್ಯ ಕಾರ್ಯನಿರ್ವಾಹಕ ಕೆ. ಕೃತಿವಾಸನ್ ಇದನ್ನೇ ಹೇಳಿದರು. ನೌಕರರ ಸಂಘಗಳು ಒಪ್ಪಲಿಲ್ಲ. ಕರ್ನಾಟಕದ ಐಟಿ ನೌಕರರ ಸಂಘ ಕೆಐಟಿಯು ರಾಜ್ಯದ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು, ಪುಣೆಯ ಐಟಿ ನೌಕರರ ಸಂಘ ನೈಟ್ಸ್ ಕೇಂದ್ರ ಸರ್ಕಾರಕ್ಕೆ ಬರೆಯಿತು. ಲಾಭದಲ್ಲಿರುವ ಕಂಪನಿ ಅನುಭವಿಗಳನ್ನು ಕಳಿಸಿ ಅಗ್ಗದವರನ್ನು ತರುತ್ತಿದೆ, ರಾಜೀನಾಮೆಗೆ ಒತ್ತಡ ಹಾಕುತ್ತಿದೆ ಎಂಬುದು ಅವರ ಆರೋಪ. 2025ರ ಜೂನ್ ಕೊನೆಗೆ 6,13,069 ಇದ್ದ ನೌಕರರ ಸಂಖ್ಯೆ ಸೆಪ್ಟೆಂಬರ್ ಕೊನೆಗೆ 5,93,314ಕ್ಕೆ ಇಳಿಯಿತು. ತಾವಾಗಿ ಬಿಟ್ಟವರೂ ಇದರಲ್ಲಿ ಸೇರಿದ್ದಾರೆ.

‘ಕೌಶಲ ಹೊಂದುತ್ತಿಲ್ಲ’ ಎಂಬ ಮಾತನ್ನು ಅಲ್ಲಿಗೇ ಬಿಡುವಂತಿಲ್ಲ. ಒಬ್ಬ ಎಂಜಿನಿಯರ್ ಹತ್ತು ವರ್ಷ ಒಂದೇ ಕ್ಲೈಂಟಿನ ಹಳೆಯ ಮೇನ್‌ಫ್ರೇಮ್ (ಹಳೆಯ ಕಾಲದ ದೊಡ್ಡ ಕಂಪ್ಯೂಟರ್) ನೋಡಿಕೊಂಡಿದ್ದರೆ ಅಲ್ಲಿ ಕೂರಿಸಿದವರು ಯಾರು? ಬೇರೆ ಪ್ರಾಜೆಕ್ಟ್ ಕೇಳಿದಾಗ ‘ಕ್ಲೈಂಟಿಗೆ ನೀವೇ ಬೇಕು’ ಎಂದು ಬಿಡದೆ ಇಟ್ಟುಕೊಂಡವರು ಯಾರು? ಎಲ್ಲಿ ಕೆಲಸ ಮಾಡಬೇಕೆಂಬ ತೀರ್ಮಾನ ಕಂಪನಿಯದು, ಆ ತೀರ್ಮಾನ ಹಳತಾದಾಗ ಬೆಲೆ ತೆರುವುದು ನೌಕರ. ಮಾರುಕಟ್ಟೆಯ ಅಪಾಯವನ್ನು ನೌಕರನ ತಲೆಗೆ ದಾಟಿಸಿದ ಕಂಪನಿಗಳು ಆಯ್ಕೆಯನ್ನು ಮಾತ್ರ ದಾಟಿಸಲಿಲ್ಲ. ಸಂಘಗಳ ಎಲ್ಲ ಆರೋಪಗಳನ್ನು ಒಪ್ಪದವರೂ ಈ ಮಾತನ್ನು ತಳ್ಳಿಹಾಕುವುದು ಕಷ್ಟ.

ಬುಡ ಸಣ್ಣದಾದರೆ

ಕಡಿತದ ಸುದ್ದಿ ಮಧ್ಯಮ ಹಂತದ್ದಾದರೂ ಕಲಬುರಗಿ ವಿಭಾಗಕ್ಕೆ ಹೆಚ್ಚು ತಟ್ಟುವ ಬದಲಾವಣೆ ಪಿರಮಿಡ್ಡಿನ ಬುಡದಲ್ಲಿ ನಡೆಯುತ್ತಿದೆ. ಹೊಸಬರಿಗೆ ಕೊಡುತ್ತಿದ್ದ ಕೆಲಸಗಳು ಯಾವುವು? ಸರಳ ಕೋಡ್ ಬರೆಯುವುದು, ಪರೀಕ್ಷೆ ಮಾಡುವುದು, ಟಿಕೆಟ್ ವಿಂಗಡಿಸುವುದು. ಕೃತಕ ಬುದ್ಧಿಮತ್ತೆಯ ಉಪಕರಣಗಳು ಮೊದಲು ಮುಟ್ಟಿದ್ದೂ ಇವನ್ನೇ. ಹತ್ತು ಮಂದಿಯ ಕೆಲಸ ಏಳು ಮಂದಿಯಿಂದ ಆಗುತ್ತದೆ ಎಂದಾದರೆ ಕ್ಲೈಂಟ್ ಏಳು ಮಂದಿಗಷ್ಟೇ ಹಣ ಕೊಡುತ್ತೇನೆ ಎನ್ನುತ್ತಾನೆ. ಉಳಿದ ಮೂರು ಕುರ್ಚಿಗೆ ಕ್ಯಾಂಪಸ್‌ನಿಂದ ಯಾರೂ ಬೇಕಾಗುವುದಿಲ್ಲ.

ಕಂಪನಿ ನೂರು ಕಾಲೇಜಿನ ಬದಲು ಅರವತ್ತಕ್ಕೆ ಹೋಗುವಾಗ ಮೊದಲು ಬಿಡುವುದು ದೂರದವನ್ನು. ಬೆಂಗಳೂರು, ಮೈಸೂರಿನ ಕಾಲೇಜಿಗೆ ನೇಮಕಾತಿ ತಂಡ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಬೀದರ್‌ಗೆ ಹಾಗಲ್ಲ. ಆಫರ್ ಲೆಟರ್ ಸಿಕ್ಕವರದ್ದೂ ನಿರಾಳವಲ್ಲ: ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ, ಕೆಲವು ಬ್ಯಾಚುಗಳಲ್ಲಿ ವರ್ಷಕ್ಕೂ ಮೀರಿ ಕಾದದ್ದುಂಟು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್‌ನಲ್ಲಿ ಆಂತರಿಕ ಪರೀಕ್ಷೆಯನ್ನು ಮೂರು ಪ್ರಯತ್ನದಲ್ಲೂ ದಾಟದ ಮುನ್ನೂರಕ್ಕೂ ಹೆಚ್ಚು ತರಬೇತಿದಾರರನ್ನು ಕಳಿಸಲಾಯಿತು. ನಿಯಮ ಮೊದಲೇ ಇತ್ತು ಎಂದು ಕಂಪನಿ ಹೇಳಿತು, ಪರೀಕ್ಷೆಯನ್ನೇ ಕಠಿಣಗೊಳಿಸಲಾಯಿತು ಎಂದು ತರಬೇತಿದಾರರು ಹೇಳಿದರು.

ಇದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್‌-1ಬಿ ವೀಸಾ (ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಪರವಾನಗಿ) ಅರ್ಜಿಗಳ ಮೇಲೆ ಹಾಕಿದ 1,00,000 ಡಾಲರ್ ಶುಲ್ಕ ಸೇರಿಕೊಂಡಿದೆ. ‘ಆನ್‌ಸೈಟ್’ (ವಿದೇಶದ ಕ್ಲೈಂಟಿನ ಕಚೇರಿಗೆ) ಹೋಗಿ ಊರಲ್ಲಿ ಮನೆ ಕಟ್ಟಿಸುವ ದಾರಿ ಕಿರಿದಾಯಿತು. ಅಲ್ಲಿಗೆ ಜನರನ್ನು ಕಳಿಸುವುದು ದುಬಾರಿಯಾದರೆ ಕೆಲಸವೇ ಇಲ್ಲಿಗೆ ಬರುತ್ತದೆ ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಆದರೆ ಬರುವ ಕೆಲಸ ಬಹುಮಟ್ಟಿಗೆ ವಿದೇಶಿ ಕಂಪನಿಗಳು ಇಲ್ಲಿ ತೆರೆದಿರುವ ತಮ್ಮದೇ ಕಚೇರಿಗಳಿಗೆ, ಅಂದರೆ ಜಿಸಿಸಿ ಕೇಂದ್ರಗಳಿಗೆ ಹೋಗುತ್ತದೆ. ಅಲ್ಲಿ ಮೊದಲು ಕೇಳುವುದು ಅನುಭವ. ಅನುಭವ ಸಿಗುತ್ತಿದ್ದದ್ದು ಸೇವಾ ಕಂಪನಿಯ ಬುಡದಲ್ಲಿ.

ಸರ್ಕಾರ ಎಲ್ಲಿದೆ

ಸಂವಿಧಾನದ 371(ಜೆ) ಕಲಂ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆ, ಶಿಕ್ಷಣದಲ್ಲಿ ಮೀಸಲು ಕೊಟ್ಟಿದೆ. ಖಾಸಗಿ ಕಂಪನಿಗೆ ಅದು ಅನ್ವಯಿಸುವುದಿಲ್ಲ. ಖಾಸಗಿಯಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಯನ್ನು 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಉದ್ಯಮದ ವಿರೋಧ ಬಂದ ಮೇಲೆ ತಡೆಹಿಡಿಯಿತು. ಐಟಿ-ಬಿಟಿ ಸಚಿವ ಪ್ರಿಯಾಂಕ್ ಖರ್ಗೆ ಚಿತ್ತಾಪುರದ ಶಾಸಕರು, ಕಲಬುರಗಿ ಜಿಲ್ಲಾ ಉಸ್ತುವಾರಿಯೂ ಹೌದು. 2029ರೊಳಗೆ 500 ಹೊಸ ಜಿಸಿಸಿ ಕೇಂದ್ರಗಳನ್ನು ತರುವ ಗುರಿ ಸರ್ಕಾರದ ನೀತಿಯಲ್ಲಿದೆ. ಬೆಂಗಳೂರಿನಾಚೆ ಎಂದಾಗ ಮೈಸೂರು, ಮಂಗಳೂರು, ಹುಬ್ಬಳ್ಳಿಯ ಹೆಸರೇ ಮೊದಲು ಕೇಳಿಬರುತ್ತದೆ. ಕಲಬುರಗಿಯ ಸರದಿ ಯಾವಾಗ ಎಂಬುದಕ್ಕೆ ಸ್ಪಷ್ಟ ಉತ್ತರ ಬೇಕು.

ಇದೇ ಸರ್ಕಾರ 2024ರಲ್ಲಿ ಐಟಿ ಕಂಪನಿಗಳಿಗೆ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಇನ್ನೂ ಐದು ವರ್ಷ ವಿನಾಯಿತಿ ಮುಂದುವರಿಸಿತು. ಶಿಸ್ತುಕ್ರಮ, ವಜಾಗಳಿಗೆ ಲಿಖಿತ ನಿಯಮಾವಳಿ ಇರಬೇಕು ಎನ್ನುವ ಕಾಯ್ದೆ ಅದು. ವಿನಾಯಿತಿಗೆ ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ ಇರಬೇಕು, ವಜಾ, ಹಿಂಬಡ್ತಿಗಳ ಮಾಹಿತಿ ಕಾರ್ಮಿಕ ಇಲಾಖೆಗೆ ಹೋಗಬೇಕು. ಷರತ್ತು ಪಾಲನೆಯಾಗುತ್ತಿಲ್ಲ ಎಂಬುದು ಕೆಐಟಿಯು ಬಹುಕಾಲದಿಂದ ಎತ್ತುತ್ತಿರುವ ತಕರಾರು.

ಸಹಿ ಹಾಕುವ ಮೊದಲು

2025ರ ನವೆಂಬರ್ 21ರಂದು ಹಳೆಯ 29 ಕಾನೂನುಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ದೊಡ್ಡ ಕಡಿತಕ್ಕೆ ಸರ್ಕಾರದ ಮುಂಗಡ ಅನುಮತಿ ಬೇಕೆಂಬ ನಿಯಮ ಕಾರ್ಖಾನೆ, ಗಣಿ, ತೋಟಗಳಿಗಷ್ಟೇ. ಐಟಿ ಕಚೇರಿಗೆ ಅದು ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಎಲ್ಲ ನೌಕರರಿಗೂ ನೇಮಕ ಪತ್ರ ಕಡ್ಡಾಯ. ಕೆಲಸ ಬಿಟ್ಟ ಅಥವಾ ಬಿಡಿಸಿದ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು. ಒಂದು ವರ್ಷ ನಿರಂತರ ಸೇವೆ ಮಾಡಿದ ಕಾರ್ಮಿಕನನ್ನು ಹೆಚ್ಚುವರಿ ಎಂದು ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ, ಅದರ ಮೇಲೆ ಮರುತರಬೇತಿ ನಿಧಿಯಿಂದ ಇನ್ನೂ 15 ದಿನದ ವೇತನ ಸಲ್ಲಬೇಕು.

ಎಂಜಿನಿಯರ್ ‘ಕಾರ್ಮಿಕ’ನೇ ಎಂಬ ಪ್ರಶ್ನೆಯಲ್ಲಿ ಜಗಳ ಹುಟ್ಟುತ್ತದೆ. ತಾಂತ್ರಿಕ ಕೆಲಸ ಮಾಡುವವರು ಕಾನೂನಿನ ವ್ಯಾಖ್ಯೆಯೊಳಗೆ ಬರುತ್ತಾರೆ, ಆಡಳಿತ ನಡೆಸುವ ಮ್ಯಾನೇಜರುಗಳು ಬರುವುದಿಲ್ಲ. ಹುದ್ದೆಯ ಹೆಸರಲ್ಲಿ ಮ್ಯಾನೇಜರ್ ಎಂದಿದ್ದರೂ ನಿಜವಾಗಿ ಏನು ಕೆಲಸ ಮಾಡುತ್ತಿದ್ದರು ಎಂಬುದನ್ನೇ ನ್ಯಾಯಾಲಯಗಳು ನೋಡುತ್ತವೆ.

ಈ ನೋಟಿಸ್ ಮತ್ತು ಪರಿಹಾರ ತೆಗೆದುಹಾಕಿದವರಿಗೆ ಮಾತ್ರ, ತಾವಾಗಿ ಬಿಟ್ಟವರಿಗಲ್ಲ. ಆದ್ದರಿಂದಲೇ ಎಚ್‌ಆರ್ ಕೊಠಡಿಯಲ್ಲಿ ವಜಾ ಆದೇಶದ ಬದಲು ರಾಜೀನಾಮೆಯ ಮಾತು ಬರುತ್ತದೆ: ಬರೆದುಕೊಟ್ಟರೆ ರಿಲೀವಿಂಗ್ ಲೆಟರ್ (ಕೆಲಸ ಬಿಟ್ಟಾಗ ಕೊಡುವ ಪತ್ರ) ಚೆನ್ನಾಗಿರುತ್ತದೆ, ಇಲ್ಲವಾದರೆ ಮುಂದೆ ಕೆಲಸ ಸಿಗುವುದು ಕಷ್ಟ ಎಂದು. ಬಹಳ ಮಂದಿ ಅರ್ಧ ಗಂಟೆಯೊಳಗೆ ಬರೆದುಕೊಡುತ್ತಾರೆ. ಸಮಯ ಕೇಳಲು ಅವರಿಗೆ ಹಕ್ಕಿದೆ. ನೇಮಕ ಪತ್ರ, ಸಂಬಳದ ಚೀಟಿಗಳು, ಬೆಂಚ್ ಅವಧಿಯಲ್ಲಿ ಪ್ರಾಜೆಕ್ಟ್ ಕೇಳಿ ಬರೆದ ಮೇಲ್‌ಗಳ ವಿವರ ಕೈಯಲ್ಲಿದ್ದರೆ ಕಾರ್ಮಿಕ ಇಲಾಖೆಯ ಮುಂದೆ ನಿಲ್ಲಲು ನೆಲೆಯಿರುತ್ತದೆ. ರಾಜೀನಾಮೆ ಕೊಟ್ಟ ಮೇಲೆ ಅದು ಒತ್ತಡದಿಂದ ಬರೆದದ್ದು ಎಂದು ಸಾಬೀತು ಮಾಡುವ ಹೊರೆ ನೌಕರನ ಮೇಲೇ ಬೀಳುತ್ತದೆ.